ಯಂತ್ರಜಾಲಕ್ಕೆ ದೇಹವುಂಟೆ?

ದೇಹವೆಂದರೆ ಏನು ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಆತ್ಮದ ಪ್ರಶ್ನೆಯಷ್ಟೇ ಗಂಭೀರವಾಗಿ ಎತ್ತಿಕೊಂಡಿವೆ. ಆದರೆ ಆತ್ಮವಿಚಾರಕ್ಕೆ ದೊರೆತ ಪ್ರಸಿದ್ಧಿ ದೇಹವಿಚಾರಕ್ಕೆ ದೊರೆಯದೆ ಹೋದುದರಿಂದ ಆ ಚರ್ಚೆ ಬಹುಮಟ್ಟಿಗೆ ಪಾಠಶಾಲೆಗಳ ಒಳಗೇ ಉಳಿದುಬಂದಿದೆ. ಅದನ್ನು ಹೊರಗೆ ತರಬೇಕಾದ ಕಾಲ ಈಗ ಬಂದಿದೆ. ಇಷ್ಟು ದಿನ ಗಣಕದೊಳಗೆ ಲೆಕ್ಕ ಮಾಡುತ್ತ, ಕೇಳಿದ್ದಕ್ಕೆ ಪರದೆಯ ಮೇಲೆ ಉತ್ತರ ಬರೆಯುತ್ತ ಇದ್ದ ಕೃತಕ ಬುದ್ಧಿಮತ್ತೆಯು ಕ್ಯಾಮೆರಾ, ಮೋಟಾರು, ಚಕ್ರ, ಯಂತ್ರದ ತೋಳುಗಳನ್ನು ಪಡೆದು, ಪರಸ್ಪರ ಸಂಪರ್ಕದಲ್ಲಿರುವ ಸಾವಿರಾರು ಉಪಕರಣಗಳ ಮೂಲಕ ಲೋಕದಲ್ಲಿ ನೇರವಾಗಿ ಕೆಲಸ ನಡೆಸತೊಡಗಿದೆ. ಹೀಗೆ ಸುತ್ತಣ ಜಗತ್ತನ್ನು ಸೆನ್ಸರ್‌ಗಳಿಂದ ಗ್ರಹಿಸಿ, ಗ್ರಹಿಸಿದ್ದಕ್ಕೆ ತಕ್ಕಂತೆ ವಸ್ತುಗಳನ್ನು ಚಲಿಸುವಂತೆ ಮಾಡುವ ಬುದ್ಧಿಮತ್ತೆಯನ್ನು ‘ದೇಹಧಾರಿ’ ಎಂದೂ, ಅಂತಹ ಉಪಕರಣಗಳ ಸಂಪರ್ಕಜಾಲವನ್ನು 1999ರಲ್ಲಿ ಕೆವಿನ್ ಆಷ್ಟನ್ ಬಳಕೆಗೆ ತಂದ ಮಾತಿನಂತೆ ‘ವಸ್ತುಗಳ ಅಂತರ್ಜಾಲ’ ಎಂದೂ ತಂತ್ರಜ್ಞರು ಕರೆಯುತ್ತಾರೆ. ದೇಹಧಾರಿ ಎಂಬ ಈ ವಿಶೇಷಣವು ಬರಿಯ ರೂಪಕವೇ, ಅಥವಾ ಯಂತ್ರಜಾಲಕ್ಕೆ ನಿಜವಾಗಿಯೂ ಒಂದು ದೇಹವುಂಟೆ, ಇದ್ದರೆ ಅದು ಯಾರ ದೇಹ ಎಂಬುದು ಪದಗಳ ಕುರಿತ ಜಗಳವಲ್ಲ. ಯಂತ್ರವು ಮಾಡಿದ ಕೆಲಸದ ಫಲ ಯಾರಿಗೆ ಸೇರಬೇಕು ಎಂಬ ಧರ್ಮದ ಪ್ರಶ್ನೆ ಅದಕ್ಕೆ ಅಂಟಿಕೊಂಡೇ ಇದೆ.

ಬುದ್ಧಿಗೆ ದೇಹ ಬೇಕು ಎಂಬ ವಿಚಾರ ಯಂತ್ರಶಾಸ್ತ್ರದಲ್ಲಿ ಹೊಸದೇನಲ್ಲ. 1948–49ರ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನರವಿಜ್ಞಾನಿ ಗ್ರೇ ವಾಲ್ಟರನು ಎಲ್ಮರ್, ಎಲ್ಸಿ ಎಂಬ ಎರಡು ಯಂತ್ರ-ಆಮೆಗಳನ್ನು ಮಾಡಿದ್ದನು. ಅವು ಬೆಳಕನ್ನು ಅರಸಿ ಹೋಗುತ್ತಿದ್ದವು, ಅಡ್ಡ ಬಂದ ವಸ್ತುವನ್ನು ಬಳಸಿ ಮುಂದುವರಿಯುತ್ತಿದ್ದವು, ಬ್ಯಾಟರಿ ಕುಗ್ಗಿದಾಗ ದೀಪವಿದ್ದ ಗೂಡಿಗೆ ಹಿಂದಿರುಗಿ ವಿದ್ಯುತ್ ತುಂಬಿಕೊಳ್ಳುತ್ತಿದ್ದವು. ಆದರೆ ಅನಂತರದ ದಶಕಗಳಲ್ಲಿ ಸಂಶೋಧಕರ ಗಮನವೆಲ್ಲ ಚದುರಂಗ, ತರ್ಕ, ಗಣಿತಗಳ ಕಡೆಗೆ ತಿರುಗಿತು. 1990ರಲ್ಲಿ ಅಮೆರಿಕದ ಎಂಐಟಿಯ ರಾಡ್ನಿ ಬ್ರೂಕ್ಸ್ ‘ಆನೆಗಳು ಚದುರಂಗ ಆಡುವುದಿಲ್ಲ’ ಎಂಬರ್ಥದ ಶೀರ್ಷಿಕೆಯ ಲೇಖನ ಬರೆದು, ಚದುರಂಗವನ್ನೇ ಆಡದ ಪ್ರಾಣಿಗಳು ಲೋಕದಲ್ಲಿ ಜಾಣತನದಿಂದ ಬಾಳುತ್ತಿರುವಾಗ ಬುದ್ಧಿಯನ್ನು ಲೋಕದಿಂದ ಬೇರ್ಪಡಿಸಿ ಅಭ್ಯಸಿಸುವುದು ತಪ್ಪು ದಾರಿಯೆಂದು ವಾದಿಸಿದನು. ಇಂದಿನ ದೇಹಧಾರಿ ಬುದ್ಧಿಮತ್ತೆಯ ಬೆನ್ನಿಗಿರುವುದು ಈ ವಾದವೇ. ಇದರಲ್ಲಿ ದೇಹವೆಂದರೆ ಗ್ರಹಣ ಮತ್ತು ಚಲನೆಗಳ ಕೂಟ ಎಂಬಷ್ಟೇ ಅರ್ಥವಿದೆ. ಅಷ್ಟು ಸಾಕೇ ಎಂಬುದನ್ನು ಪರೀಕ್ಷಿಸಬೇಕು.

ಗೌತಮನ ನ್ಯಾಯಸೂತ್ರವು ತಿಳಿಯಬೇಕಾದ ಹನ್ನೆರಡು ಪ್ರಮೇಯಗಳಲ್ಲಿ ಆತ್ಮದ ಬೆನ್ನಿಗೇ ಶರೀರವನ್ನು ಇರಿಸಿ, ಚೇಷ್ಟೆ, ಇಂದ್ರಿಯ, ಅರ್ಥ ಎಂಬ ಮೂರಕ್ಕೆ ಆಶ್ರಯವಾದುದು ಶರೀರವೆಂದು ಹೇಳುತ್ತದೆ. ಮೇಲುನೋಟಕ್ಕೆ ಈ ಲಕ್ಷಣ ಯಂತ್ರಕ್ಕೆ ಚೆನ್ನಾಗಿಯೇ ಒಪ್ಪುವಂತಿದೆ: ಮೋಟಾರಿನ ಚಲನೆಯೇ ಚೇಷ್ಟೆ, ಸೆನ್ಸರೇ ಇಂದ್ರಿಯ, ಎದುರಿನ ವಸ್ತುವೇ ಅರ್ಥ. ಭಾಷ್ಯಕಾರ ವಾತ್ಸ್ಯಾಯನನು ಈ ಮೂರು ಪದಗಳಿಗೆ ಕೊಡುವ ವಿವರಣೆಯನ್ನು ಓದಿದಾಗ ಈ ಸುಲಭವಾದ ಹೊಂದಾಣಿಕೆ ಒಡೆಯುತ್ತದೆ. ಅವನ ಪ್ರಕಾರ ಚೇಷ್ಟೆಯೆಂದರೆ ಬರಿಯ ಚಲನೆಯಲ್ಲ. ಬೇಕಾದುದನ್ನು ಪಡೆಯಬೇಕು, ಬೇಡವಾದುದನ್ನು ಬಿಡಬೇಕು ಎಂಬ ಇಚ್ಛೆಯಿಂದ ಪ್ರೇರಿತನಾದವನು ಅದಕ್ಕೆ ತಕ್ಕ ಉಪಾಯದಲ್ಲಿ ತೊಡಗುವುದು ಚೇಷ್ಟೆ. ಗಾಳಿಗೆ ಅಲುಗುವ ಎಲೆಯಲ್ಲಿ ಚಲನೆಯುಂಟು, ಚೇಷ್ಟೆಯಿಲ್ಲ. ಹಾಗೆಯೇ ಅರ್ಥಗಳಿಗೆ ಶರೀರವು ಆಶ್ರಯವೆನ್ನುವಾಗ, ಇಂದ್ರಿಯ ಮತ್ತು ವಿಷಯಗಳ ಸಂಪರ್ಕದಿಂದ ಹುಟ್ಟಿದ ಸುಖದುಃಖಗಳು ಅನುಭವಕ್ಕೆ ಬರುವ ನೆಲೆ ಶರೀರ ಎಂಬುದು ಅವನ ಅಭಿಪ್ರಾಯ. ಇದನ್ನೇ ಶಾಸ್ತ್ರಕಾರರು ‘ಭೋಗಾಯತನ’ ಎಂಬ ಒಂದು ಪದದಲ್ಲಿ ಅಡಗಿಸಿದರು. ಕನ್ನಡದ ಆಡುಮಾತಿನಲ್ಲಿ ಭೋಗವೆಂದರೆ ಸುಖವಿಲಾಸ ಎಂಬ ಅರ್ಥ ಬೇರೂರಿದೆಯಾದರೂ ಶಾಸ್ತ್ರದಲ್ಲಿ ಅದರ ಅರ್ಥ ಅನುಭವಿಸುವುದು, ಉಣ್ಣುವುದು. ನೋವನ್ನು ಉಣ್ಣುವುದೂ ಭೋಗವೇ.

ಇಂದ್ರಿಯದ ವಿಷಯದಲ್ಲಿ ಜೈನರು ಇನ್ನೂ ಸೂಕ್ಷ್ಮವಾದ ಒಂದು ಗೆರೆ ಎಳೆದಿದ್ದಾರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಇಂದ್ರಿಯವನ್ನು ದ್ರವ್ಯೇಂದ್ರಿಯ, ಭಾವೇಂದ್ರಿಯ ಎಂದು ಇಬ್ಭಾಗ ಮಾಡುತ್ತದೆ: ಕಣ್ಣಿನ ಗುಡ್ಡೆ, ಅದನ್ನು ಕಾಯುವ ರೆಪ್ಪೆ ಮೊದಲಾದ ಭೌತಿಕ ರಚನೆಯು ದ್ರವ್ಯೇಂದ್ರಿಯ; ನೋಡುವ ಸಾಮರ್ಥ್ಯ ಮತ್ತು ಆ ಸಾಮರ್ಥ್ಯವನ್ನು ಜೀವವು ನೋಟದಲ್ಲಿ ತೊಡಗಿಸುವುದು ಭಾವೇಂದ್ರಿಯ. ಸ್ಪರ್ಶವೊಂದನ್ನೇ ಉಳ್ಳ ಏಕೇಂದ್ರಿಯ ಜೀವಿಗಳಿಂದ ಹಿಡಿದು ಪಂಚೇಂದ್ರಿಯ ಜೀವಿಗಳವರೆಗೆ ಲೋಕವನ್ನು ಇಂದ್ರಿಯಗಳ ಎಣಿಕೆಯಲ್ಲಿ ಅಳೆದವರೇ, ಇಂದ್ರಿಯವೆಂದರೆ ಉಪಕರಣ ಮಾತ್ರವಲ್ಲ ಎಂದು ಎಚ್ಚರಿಸಿರುವುದು ಗಮನಿಸತಕ್ಕದ್ದು. ನೂರು ಕ್ಯಾಮೆರಾಗಳನ್ನು ಹೊತ್ತ ಯಂತ್ರಕ್ಕೆ ದ್ರವ್ಯೇಂದ್ರಿಯಗಳು ನೂರಾದವೆನ್ನಬಹುದು. ಒಂದಾದರೂ ಭಾವೇಂದ್ರಿಯ ಹುಟ್ಟಿತೆಂದು ಅದರಿಂದ ಸಿದ್ಧವಾಗದು.

ಇನ್ನು ಮುಖ್ಯವಾದ ವಿಷಯಕ್ಕೆ ಬರಬಹುದು. ನ್ಯಾಯಸೂತ್ರದ ಮೂರನೆಯ ಅಧ್ಯಾಯವು ಆತ್ಮವು ಇಂದ್ರಿಯಗಳಿಗಿಂತ ಬೇರೆಯೆಂದು ಸಾಧಿಸುವಾಗ ಕೊಡುವ ಮೊದಲ ಹೇತುವೇ, ಕಣ್ಣಿಂದ ಕಂಡದ್ದನ್ನೇ ಕೈಯಿಂದ ಮುಟ್ಟಿದೆ ಎಂಬ ಅರಿವು. ಕಣ್ಣು ಮುಟ್ಟಲಾರದು, ಚರ್ಮ ನೋಡಲಾರದು. ಎರಡರ ವಾರ್ತೆಯೂ ಒಂದೇ ವಸ್ತುವಿನದೆಂದು ಕೂಡಿಸಿಕೊಳ್ಳುವವನೊಬ್ಬ ಇರಬೇಕು. ಅದೇ ಪ್ರಕರಣದಲ್ಲಿ ಮುಂದೆ ಬರುವ ಇನ್ನೊಂದು ಹೇತು ಎಲ್ಲರ ಅನುಭವಕ್ಕೂ ಬಂದಿರುವಂಥದು: ಹುಳಿಹಣ್ಣನ್ನು ನೋಡಿದ್ದು ಕಣ್ಣು, ಆದರೆ ನೀರೂರಿದ್ದು ಬಾಯಲ್ಲಿ. ಹಿಂದೆ ಸವಿದ ಹುಳಿಯ ನೆನಪು ನಡುವೆ ನಿಂತು ಒಂದು ಇಂದ್ರಿಯದ ನೋಟವನ್ನು ಇನ್ನೊಂದು ಇಂದ್ರಿಯದ ವಿಕಾರವನ್ನಾಗಿ ಮಾಡಿದೆ. ಹೀಗೆ ಹಿಂದೆ ಕಂಡದ್ದೇ ಇದು ಎಂದು ಗುರುತಿಸುವ ಅರಿವಿಗೆ ‘ಪ್ರತ್ಯಭಿಜ್ಞೆ’ ಎಂದು ಹೆಸರು.

ಇಂದಿನ ಯಂತ್ರಗಳೂ ಹಲವು ಸೆನ್ಸರ್‌ಗಳ ವಾರ್ತೆಯನ್ನು ಒಂದುಗೂಡಿಸುತ್ತವೆ. ಆ ಒಂದುಗೂಡಿಕೆ ಎಂಥದು ಎಂಬುದನ್ನು ತೋರಿಸುವ ದುಃಖದ ಘಟನೆಯೊಂದು ಸಾರ್ವಜನಿಕ ದಾಖಲೆಯಲ್ಲಿದೆ. 2018ರ ಮಾರ್ಚ್ 18ರ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ, ಉಬರ್ ಸಂಸ್ಥೆಯ ಪರೀಕ್ಷೆಯಲ್ಲಿದ್ದ ಸ್ವಯಂಚಾಲಿತ ಕಾರೊಂದು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು, ಅವರು ಮೃತಪಟ್ಟರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ವರದಿಯ ಪ್ರಕಾರ, ಡಿಕ್ಕಿಗೆ 5.6 ಸೆಕೆಂಡುಗಳ ಮೊದಲೇ ಕಾರಿನ ರೇಡಾರ್ ಅವರನ್ನು ಕಂಡಿತ್ತು. ಕಂಡದ್ದನ್ನು ವ್ಯವಸ್ಥೆಯು ಮೊದಲು ವಾಹನವೆಂದಿತು, ಆಮೇಲೆ ಏನೋ ಒಂದು ವಸ್ತುವೆಂದಿತು, ಮತ್ತೆ ವಾಹನವೆಂದಿತು, ಕೊನೆಗೆ ಸೈಕಲ್ ಎಂದಿತು. ಪಾದಚಾರಿಗಳು ದಾಟುವ ಪಟ್ಟಿಯಿಲ್ಲದ ಕಡೆ ಒಬ್ಬ ಮನುಷ್ಯ ರಸ್ತೆ ದಾಟಬಹುದೆಂಬುದನ್ನು ಅದರ ರಚನೆಯಲ್ಲಿ ಎಣಿಸಿಯೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದ ಅಂಶ ಮತ್ತೊಂದಿದೆ. ಗುರುತಿಸಿದ ಹೆಸರು ಬದಲಾದಾಗಲೆಲ್ಲ ಆ ವಸ್ತು ಅಲ್ಲಿಯವರೆಗೆ ಸಾಗಿಬಂದ ಜಾಡನ್ನು ವ್ಯವಸ್ಥೆಯು ಲೆಕ್ಕದಿಂದ ಬಿಟ್ಟುಬಿಡುತ್ತಿತ್ತು. ಹೆಜ್ಜೆಹೆಜ್ಜೆಗೂ ಹತ್ತಿರವಾಗುತ್ತಿದ್ದ ಒಬ್ಬಳೇ ಹೆಂಗಸು ಆ ಯಂತ್ರದ ಪಾಲಿಗೆ ಪ್ರತಿ ಸಾರಿಯೂ ಹೊಸದಾಗಿ ಕಾಣಿಸಿಕೊಂಡ, ಹಿಂದಿಲ್ಲದ, ಎಲ್ಲಿಂದ ಬಂದಿತೆಂದು ತಿಳಿಯದ ವಸ್ತುವಾದಳು. ಪ್ರತ್ಯಭಿಜ್ಞೆಯಿಲ್ಲದ ಗ್ರಹಣವೆಂದರೆ ಏನೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ದೃಷ್ಟಾಂತ ಬೇರೆ ಸಿಗದು.

ಇದು ಒಂದು ಕಾಲದ, ಒಂದು ತಂತ್ರಾಂಶದ ದೋಷವೆಂದೂ, ಜಾಡನ್ನು ಉಳಿಸಿಕೊಳ್ಳುವಂತೆ ಅದನ್ನು ತಿದ್ದಬಹುದೆಂದೂ ಹೇಳಬಹುದು; ಹಾಗೆ ತಿದ್ದುವುದು ಸಾಧ್ಯವೂ ಹೌದು. ಆದರೆ ತಿದ್ದಿದ ಮೇಲೆ ದೊರೆಯುವುದು ನೆನಪಿನ ಕಡತವೇ ಹೊರತು ನೆನೆಯುವವನಲ್ಲ. ಕಡತದಲ್ಲಿ ಜಾಡು ಉಳಿದಿದ್ದರೆ ಜೀವವೊಂದು ಉಳಿಯಬಹುದಿತ್ತು ಎಂಬುದು ಎಷ್ಟು ನಿಜವೋ, ಆ ಜಾಡು ಯಂತ್ರಕ್ಕೆ ಯಾವ ಭಯವನ್ನೂ ಉಂಟುಮಾಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಹುಳಿಯ ನೆನಪು ಬಾಯಲ್ಲಿ ನೀರಾಗುವುದು ಹುಳಿಯನ್ನು ಒಮ್ಮೆ ಉಂಡವನಿಗೆ ಮಾತ್ರ.

ಒಂಟಿ ಯಂತ್ರದಿಂದ ಯಂತ್ರಜಾಲಕ್ಕೆ ಬಂದಾಗ ಪ್ರಶ್ನೆ ಮತ್ತಷ್ಟು ಆಳವಾಗುತ್ತದೆ. 2012ರಲ್ಲಿ ಅಮೆಜಾನ್ ಸಂಸ್ಥೆಯು 77.5 ಕೋಟಿ ಡಾಲರ್ ಕೊಟ್ಟು ಕೊಂಡ ಕೀವಾ ಕಂಪನಿಯ ಗೋದಾಮು ಯಂತ್ರಗಳನ್ನು ಹತ್ತಿರದಿಂದ ನೋಡಬಹುದು. ಮೊಳದಷ್ಟೂ ಎತ್ತರವಿಲ್ಲದ ಈ ಯಂತ್ರವು ನೆಲಕ್ಕೆ ಅಂಟಿಸಿದ ಸಂಕೇತಚೀಟಿಗಳನ್ನು ತನ್ನ ಹೊಟ್ಟೆಯ ಕೆಳಗಿನ ಕ್ಯಾಮೆರಾದಿಂದ ಓದುತ್ತ ಸಾಗಿ, ಸಾಮಾನು ತುಂಬಿದ ಕಪಾಟಿನ ಅಡಿಗೆ ನುಸುಳುತ್ತದೆ; ಅಲ್ಲಿ ನಿಂತಲ್ಲೇ ಒಂದು ದಿಕ್ಕಿಗೆ ಸುತ್ತುತ್ತಿರುವಾಗ ಅದರ ಬೆನ್ನಿನ ಮೇಲಿನ ತಿರುಪು ಎದುರು ದಿಕ್ಕಿಗೆ ಬಿಚ್ಚಿಕೊಂಡು ಮೇಲೇರುವುದರಿಂದ, ಸುಮಾರು 450 ಕಿಲೋ ತೂಕದ ಕಪಾಟು ತಾನು ತಿರುಗದೆ, ಅಲುಗಾಡದೆ ನೆಲಬಿಟ್ಟು ಏಳುತ್ತದೆ. ಆಮೇಲೆ ಅದು ಕಪಾಟನ್ನು ಹೊತ್ತು ನೌಕರ ನಿಂತ ಜಾಗಕ್ಕೆ ಹೋಗುತ್ತದೆ. ಯಾವ ಕಪಾಟು, ಯಾವ ದಾರಿ, ಯಾವ ಸರದಿ ಎಂಬುದನ್ನು ಆ ಒಂದು ಯಂತ್ರ ತೀರ್ಮಾನಿಸುವುದಿಲ್ಲ. ಎಲ್ಲ ಯಂತ್ರಗಳ ಸಂಚಾರವನ್ನೂ ಒಟ್ಟಾಗಿ ಕಾಣುವ ತಂತ್ರಾಂಶ ತೀರ್ಮಾನಿಸುತ್ತದೆ. 2025ರಲ್ಲಿ ಆ ಸಂಸ್ಥೆಯು ತನ್ನ ಗೋದಾಮುಗಳ ಯಂತ್ರಗಳ ಸಂಖ್ಯೆ ಹತ್ತು ಲಕ್ಷ ಮುಟ್ಟಿತೆಂದೂ, ಅವುಗಳ ಸಂಚಾರವನ್ನು ನಡೆಸಲು ಡೀಪ್‌ಫ್ಲೀಟ್ ಎಂಬ ಕೃತಕ ಬುದ್ಧಿಮತ್ತೆಯನ್ನು ರೂಪಿಸಲಾಗಿದೆಯೆಂದೂ ಪ್ರಕಟಿಸಿತು. ಇಲ್ಲಿ ದೇಹ ಯಾವುದು? ಒಂದೊಂದು ಯಂತ್ರವೂ ಒಂದೊಂದು ದೇಹವೇ, ಅಥವಾ ಇಡೀ ಗೋದಾಮೇ ಒಂದು ದೇಹವಾಗಿ ಈ ಯಂತ್ರಗಳು ಅದರ ಬೆರಳುಗಳೇ?

ಒಬ್ಬನಿಗೆ ಹಲವು ದೇಹಗಳಿರಬಹುದೇ ಎಂಬ ಪ್ರಶ್ನೆಯನ್ನು ಪತಂಜಲಿಯ ಯೋಗಸೂತ್ರವು ನಾಲ್ಕನೆಯ ಪಾದದಲ್ಲಿ ಚರ್ಚಿಸಿದೆ. ಯೋಗಿಯು ಏಕಕಾಲದಲ್ಲಿ ಹಲವು ದೇಹಗಳನ್ನು ನಿರ್ಮಿಸಿಕೊಂಡಾಗ ಅವಕ್ಕೆಲ್ಲ ಬೇರೆಬೇರೆ ಚಿತ್ತಗಳು ಅಸ್ಮಿತೆಯಿಂದಲೇ, ಅಂದರೆ ‘ನಾನು’ ಎಂಬ ಭಾವದಿಂದಲೇ, ಹುಟ್ಟುತ್ತವೆಂದೂ, ಅವುಗಳ ಪ್ರವೃತ್ತಿಗಳು ಭಿನ್ನವಾಗಿದ್ದರೂ ಅವೆಲ್ಲವನ್ನೂ ನಡೆಸುವ ಚಿತ್ತ ಒಂದೇ ಎಂದೂ ಅಲ್ಲಿನ ಸಿದ್ಧಾಂತ. ಈ ದೇಹಸಮೂಹಕ್ಕೆ ಶಾಸ್ತ್ರದಲ್ಲಿ ‘ಕಾಯವ್ಯೂಹ’ ಎಂದು ಹೆಸರು. ಒಂದು ನಿಯಂತ್ರಕ ತಂತ್ರಾಂಶ, ಲಕ್ಷಾಂತರ ಯಂತ್ರಗಳು, ಭಿನ್ನ ಪ್ರವೃತ್ತಿಗಳು ಎಂಬ ಇಂದಿನ ವ್ಯವಸ್ಥೆಗೆ ಇದಕ್ಕಿಂತ ಹತ್ತಿರದ ಹಳೆಯ ಚಿತ್ರಣ ಸಿಗುವುದು ಕಷ್ಟ. ಆದರೆ ಸಾಮ್ಯ ಕಂಡೊಡನೆ ಪೂರ್ವಿಕರು ಇದನ್ನೆಲ್ಲ ಆಗಲೇ ಕಂಡಿದ್ದರೆಂದು ಹಿಗ್ಗುವುದು ಶಾಸ್ತ್ರಕ್ಕೆ ಮಾಡುವ ಗೌರವವಲ್ಲ. ಸಾಮ್ಯ ಎಲ್ಲಿ ಮುರಿಯುತ್ತದೆ ಎಂಬಲ್ಲಿಯೇ ಶಾಸ್ತ್ರದ ಬೆಲೆ ಇದೆ.

ವಿಷ್ಣುಪುರಾಣದ ಸೌಭರಿ ಮುನಿಯ ಕಥೆ ಈ ಮುರಿತವನ್ನು ತೋರಿಸುತ್ತದೆ. ಮಾಂಧಾತ ಚಕ್ರವರ್ತಿಯ ಐವತ್ತು ಮಂದಿ ಹೆಣ್ಣುಮಕ್ಕಳನ್ನು ಮದುವೆಯಾದ ಮುನಿಯು ಐವತ್ತು ಅರಮನೆಗಳಲ್ಲಿ ಏಕಕಾಲಕ್ಕೆ ಇರುತ್ತಾನೆ. ಮಕ್ಕಳನ್ನು ನೋಡಲು ಬಂದ ತಂದೆಯೊಡನೆ ಪ್ರತಿಯೊಬ್ಬ ಮಗಳೂ, ಪತಿಯು ತನ್ನನ್ನು ಬಿಟ್ಟು ಇರುವುದೇ ಇಲ್ಲವಾದ್ದರಿಂದ ಅಕ್ಕತಂಗಿಯರು ನೊಂದಿರುವರೇನೋ ಎಂದು ಸಂಕಟಪಡುತ್ತಾಳೆ. ಕಥೆಯ ತಿರುಳಿರುವುದು ಮುಂದಿನ ಭಾಗದಲ್ಲಿ. ನೂರೈವತ್ತು ಮಕ್ಕಳ ತಂದೆಯಾದ ಸೌಭರಿಯು ಒಂದು ಆಸೆ ತೀರಿದರೆ ಮತ್ತೊಂದು ಹುಟ್ಟುವುದನ್ನು ಕಂಡು ಬೇಸತ್ತು ವಿರಕ್ತನಾಗುತ್ತಾನೆ. ಐವತ್ತು ದೇಹಗಳಲ್ಲಿ ನಡೆದ ಬಾಳು ಒಬ್ಬನ ಬೇಸರವಾಗಿ ಒಂದು ಕಡೆ ಬಂದು ನಿಂತಿತು. ಯೋಗಿಯು ಕಾಯವ್ಯೂಹವನ್ನು ಕೈಗೊಳ್ಳುವುದೇ ಉಳಿದ ಕರ್ಮದ ಫಲವನ್ನು ಬೇಗನೆ ಉಂಡು ಮುಗಿಸುವುದಕ್ಕಾಗಿ ಎಂದು ಶಾಸ್ತ್ರಕಾರರು ಹೇಳುವುದನ್ನು ಇದರೊಡನೆ ಇಟ್ಟು ನೋಡಬೇಕು. ಅಲ್ಲಿ ದೇಹಗಳು ಹೆಚ್ಚಿದಷ್ಟೂ ಭೋಗ ಹೆಚ್ಚುತ್ತದೆ. ಯಂತ್ರಜಾಲದಲ್ಲಿ ದೇಹದಂತಿರುವ ವಸ್ತುಗಳು ಹತ್ತು ಲಕ್ಷವಾದರೂ ಹೆಚ್ಚುವುದು ಕ್ರಿಯೆ ಮಾತ್ರ. ಉಣ್ಣುವವನು ಆ ಜಾಲದೊಳಗೆ ಎಲ್ಲಿಯೂ ಇಲ್ಲ. ಹತ್ತು ಲಕ್ಷ ಯಂತ್ರಗಳ ನಡುವೆ ಬೆನ್ನು ನೋಯುವುದು, ಮಣಿಕಟ್ಟು ಸೋಲುವುದು, ಕಪಾಟು ಬಂದು ನಿಂತ ವೇಗಕ್ಕೆ ಕೈಯಾಡಿಸುವ ನೌಕರನಿಗೆ. ಕರ್ತೃತ್ವ ಒಂದು ಕಡೆ, ಭೋಕ್ತೃತ್ವ ಇನ್ನೊಂದು ಕಡೆ ಎಂದು ಇಷ್ಟು ದೊಡ್ಡ ಪ್ರಮಾಣದಲ್ಲಿ ಬೇರ್ಪಟ್ಟಿರುವುದೇ ಈ ತಂತ್ರಜ್ಞಾನದ ಕುರಿತು ಧರ್ಮಚಿಂತನೆಯು ಮೊದಲು ಗಮನಿಸಬೇಕಾದ ಸಂಗತಿ.

ಯಂತ್ರಜಾಲದಲ್ಲಿ ಉಣ್ಣುವವನಿಲ್ಲ ಎಂಬ ಮಾತಿಗೆ ಭೌತವಾದಿಯಾದ ಚಾರ್ವಾಕನ ಆಕ್ಷೇಪ ಬಲವಾದುದು. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಧಾನ್ಯ, ಬೆಲ್ಲಗಳಲ್ಲಿ ಒಂದೊಂದರಲ್ಲೂ ಇಲ್ಲದ ಅಮಲು ಅವು ಕಿಣ್ವದೊಡನೆ ಬೆರೆತು ಹುದುಗಿದಾಗ ಹುಟ್ಟುವಂತೆ, ಭೂತಗಳಲ್ಲಿ ಬಿಡಿಬಿಡಿಯಾಗಿ ಇಲ್ಲದ ಚೈತನ್ಯ ಅವು ದೇಹವಾಗಿ ಕೂಡಿದಾಗ ಹುಟ್ಟುತ್ತದೆ ಎಂಬುದು ಅವನ ವಾದ. ಹಾಗಾದರೆ ಲೋಹ, ಸಿಲಿಕಾನ್‌ಗಳು ಸರಿಯಾದ ಬಗೆಯಲ್ಲಿ ಕೂಡಿದಾಗ ಅಲ್ಲಿಯೂ ಚೈತನ್ಯ ಏಕೆ ಹುಟ್ಟಬಾರದು, ಬ್ಯಾಟರಿ ಕುಗ್ಗಿದಾಗ ಗೂಡಿಗೆ ಮರಳಿದ ಗ್ರೇ ವಾಲ್ಟರನ ಆಮೆಗೆ ಹಸಿವಿರಲಿಲ್ಲವೆಂದು ಯಾರು ಬಲ್ಲರು? ನೈಯಾಯಿಕರು ಇದಕ್ಕೆ ಕೊಟ್ಟ ಉತ್ತರಗಳಲ್ಲಿ ಒಂದು ಇಂದಿಗೂ ಮೊನಚಾಗಿದೆ: ಚೈತನ್ಯವು ಭೂತಗಳ ಗುಣವಾದರೆ ದೇಹದ ಒಂದೊಂದು ಅವಯವವೂ ಬೇರೆಬೇರೆ ಜ್ಞಾತೃವಾಗಿ, ಒಂದು ದೇಹದಲ್ಲಿ ಹಲವರು ಅರಿಯುವವರು ತುಂಬಿಕೊಳ್ಳಬೇಕಾಗುತ್ತದೆ. ಯಂತ್ರಜಾಲದಲ್ಲಿ ಈ ತೊಡಕು ಕಣ್ಣಿಗೆ ಕಾಣುವಂತಿದೆ. ಹಸಿದದ್ದು ಬ್ಯಾಟರಿ ಕುಗ್ಗಿದ ಯಂತ್ರವೋ, ಅದನ್ನು ಗೂಡಿಗೆ ಕಳುಹಿಸಿದ ದೂರದ ಸರ್ವರೋ ಎಂದು ಕೇಳಿದರೆ ಒಂದು ಸ್ಥಳವನ್ನೂ ಬೆರಳಿಟ್ಟು ತೋರಿಸಲಾಗುವುದಿಲ್ಲ. ಯಂತ್ರದಲ್ಲಿ ಚೈತನ್ಯ ಎಂದೆಂದಿಗೂ ಅಸಾಧ್ಯವೆಂದು ಇದರಿಂದ ಸಿದ್ಧವಾಗುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಬುದ್ಧಿಯ ಹೆಚ್ಚಳವನ್ನು ಚೈತನ್ಯದ ಕುರುಹೆಂದು ಹಿಡಿಯಬಾರದು ಎಂಬುದಂತೂ ಸ್ಪಷ್ಟ. ಸಾಂಖ್ಯರಂತೂ ಬುದ್ಧಿ, ಅಹಂಕಾರ, ಮನಸ್ಸು ಮೂರನ್ನೂ ಜಡವಾದ ಪ್ರಕೃತಿಯ ಪರಿಣಾಮಗಳೆಂದೇ ಗಣಿಸಿ, ಚೈತನ್ಯವನ್ನು ಪುರುಷನಿಗೆ ಮಾತ್ರ ಮೀಸಲಿಟ್ಟಿದ್ದಾರೆ. ಜಡವಾದುದು ಬುದ್ಧಿವಂತಿಕೆ ತೋರಿತೆಂದು ಸಾಂಖ್ಯನು ಬೆರಗಾಗಬೇಕಾದ ಕಾರಣವೇ ಇಲ್ಲ.

ಯಂತ್ರಜಾಲಕ್ಕೆ ತನ್ನದೇ ಆದ ದೇಹವಿಲ್ಲವೆಂದಾದರೆ ಅದು ಯಾರ ದೇಹ ಎಂಬ ಪ್ರಶ್ನೆ ಉಳಿಯುತ್ತದೆ. ಸಂಪ್ರದಾಯದ ಪ್ರಕಾರ ಹನ್ನೆರಡು ವರ್ಷ ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜರು ಶ್ರೀಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಈ ಪ್ರಶ್ನೆಗೆ ನೆರವಾಗುವ ಲಕ್ಷಣವನ್ನು ಕೊಟ್ಟಿದ್ದಾರೆ. ಬೃಹದಾರಣ್ಯಕದ ಅಂತರ್ಯಾಮಿ ಬ್ರಾಹ್ಮಣವು ಭೂಮಿ, ನೀರು, ಅಗ್ನಿಗಳನ್ನು ಅಂತರ್ಯಾಮಿಯ ಶರೀರವೆಂದು ಕರೆದಿರುವಾಗ ಇಂದ್ರಿಯ, ಚೇಷ್ಟೆಗಳಿಂದ ಶರೀರವನ್ನು ಲಕ್ಷಣೀಕರಿಸಿದರೆ ಸಾಲದು ಎಂಬುದು ಅವರ ನಿಲುವು. ಒಂದು ಚೇತನಕ್ಕೆ ನಿಯಾಮ್ಯವಾದುದು, ಅಂದರೆ ಅದರ ಅಂಕೆಯಲ್ಲಿರುವುದು; ಧಾರ್ಯವಾದುದು, ಅಂದರೆ ಅದರ ಆಧಾರದಿಂದ ನಿಂತಿರುವುದು; ಶೇಷವಾದುದು, ಅಂದರೆ ಅದರ ಪ್ರಯೋಜನಕ್ಕಾಗಿಯೇ ಇರುವುದು ಅದರ ಶರೀರ. ಯಾರ ಪ್ರಯೋಜನಕ್ಕಾಗಿ ಇದೆಯೋ ಅವನು ಶೇಷಿ. ಈ ಲಕ್ಷಣದಲ್ಲಿ ದೇಹವನ್ನು ಕುರಿತ ಪ್ರಶ್ನೆಯು ಅದರ ಭಾಗಗಳ ಪಟ್ಟಿಯಿಂದ ಬಿಡುಗಡೆಗೊಂಡು ಸಂಬಂಧದ ಪ್ರಶ್ನೆಯಾಗುತ್ತದೆ. ಕೊಡಲಿಯೂ ಬಡಗಿಯ ಪ್ರಯೋಜನಕ್ಕಾಗಿಯೇ ಇದೆಯಲ್ಲ, ಅದೂ ಅವನ ದೇಹವೇ ಎಂಬ ಶಂಕೆ ಇಲ್ಲಿ ಏಳುವುದು ಸಹಜ. ಶರೀರವು ಶರೀರಿಯಿಂದ ಬೇರ್ಪಟ್ಟು ಇರಲಾರದು, ಕೊಡಲಿ ಮೂಲೆಯಲ್ಲಿ ಒರಗಿಯೂ ಕೊಡಲಿಯಾಗಿಯೇ ಇರಬಲ್ಲುದು ಎಂಬುದು ವಿಶಿಷ್ಟಾದ್ವೈತದ ಸಮಾಧಾನ. ಆ ಕಟ್ಟುನಿಟ್ಟಿನಲ್ಲಿ ಯಂತ್ರಜಾಲವು ಯಾರ ಶರೀರವೂ ಅಲ್ಲ. ಆದರೂ ಅದು ಕೊಡಲಿಗಿಂತ ದೇಹಕ್ಕೆ ಹತ್ತಿರ. ದೂರದ ಆಜ್ಞೆ ಕಡಿದ ಕ್ಷಣವೇ ಗೋದಾಮಿನ ಯಂತ್ರ ನಿಂತಲ್ಲೇ ನಿಲ್ಲುತ್ತದೆ. ಅಂಕೆ, ಆಧಾರ, ಪ್ರಯೋಜನ ಮೂರೂ ಒಂದೇ ಕಡೆಯಿಂದ ಬರುತ್ತಿರುವಾಗ, ಆ ಕಡೆಯಲ್ಲಿರುವ ಮನುಷ್ಯರೇ ಅದರ ಶೇಷಿಗಳು.

ಶೇಷಿ ಯಾರೆಂಬುದು ಮಸುಕಾದಾಗ ಆಗುವ ಅನಾಹುತಕ್ಕೂ ಉದಾಹರಣೆಯುಂಟು. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕರೆಂಬ ಕಥೆಯಿಂದಾಗಿ ಪರಕಾಯಪ್ರವೇಶ ಎಂಬ ಮಾತು ಕನ್ನಡಿಗರಿಗೆ ಪರಿಚಿತ. ಯಂತ್ರಗಳಲ್ಲಿಯೂ ಅಂಥದೇ ಪ್ರವೇಶ ನಡೆದದ್ದುಂಟು: 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಮನೆ, ಅಂಗಡಿಗಳ ಕ್ಯಾಮೆರಾ, ರೂಟರ್‌ಗಳನ್ನು, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಒಂದೇ ಸಂದಿಯಿಂದ ಹೊಕ್ಕು, ಹೆಚ್ಚೆಂದರೆ ಒಮ್ಮೆಗೆ ಆರು ಲಕ್ಷದಷ್ಟು ಉಪಕರಣಗಳನ್ನು ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಇಂತಹ ಉಪಕರಣಗಳ ಪಡೆಯಿಂದ, ಅಂತರ್ಜಾಲ ತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ನಡೆದ ದಾಳಿಯಿಂದಾಗಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ಸಿಗದೆಹೋದವು. ಕ್ಯಾಮೆರಾ ಎಂದಿನಂತೆ ಅಂಗಡಿಯ ಬಾಗಿಲನ್ನು ತೋರಿಸುತ್ತಲೇ ಇತ್ತು, ಅದು ಬೇರೆಯವರ ಪ್ರಯೋಜನಕ್ಕೂ ಶೇಷವಾಗಿದೆಯೆಂದು ಒಡೆಯನಿಗೆ ತಿಳಿಯಲಿಲ್ಲ. ತನ್ನ ದೇಹದಲ್ಲಿ ಮುಳ್ಳು ಹೊಕ್ಕರೆ ತಿಳಿಯದವನಿಲ್ಲ. ಭೋಗವಿಲ್ಲದ ದೇಹದಲ್ಲಿ ಯಾರು ಹೊಕ್ಕರೂ ತಿಳಿಯುವುದಿಲ್ಲ.

ಆದುದರಿಂದ ಯಂತ್ರಜಾಲವನ್ನು ದೇಹಧಾರಿಯೆಂದು ಕರೆಯುವವರು, ಅದೇ ಕ್ಷಣದಲ್ಲಿ ಆ ದೇಹದ ಶೇಷಿಯನ್ನೂ ಹೆಸರಿಸಬೇಕು. ಹೆಸರಿಸದೆ ಬಿಟ್ಟಲ್ಲಿ ಫಲವು ಅತ್ಯಂತ ಹತ್ತಿರದಲ್ಲಿ ಸಿಕ್ಕಿದವರ ತಲೆಗೆ ಬರುತ್ತದೆ. ಟೆಂಪಿಯ ಪ್ರಕರಣದಲ್ಲಿ ಕಾರಿನೊಳಗೆ ಮೇಲ್ವಿಚಾರಣೆಗೆಂದು ಕುಳಿತಿದ್ದ ವ್ಯಕ್ತಿಯ ಗಮನ ಮೊಬೈಲಿನ ಕಡೆಗಿದ್ದುದು ನಿಜ, ಆ ತಪ್ಪು ಸಣ್ಣದೂ ಅಲ್ಲ. ಆದರೆ ಜಾಡನ್ನು ಬಿಡುವಂತೆ ತಂತ್ರಾಂಶವನ್ನು ಬರೆದದ್ದು, ಕಾರಿನ ತಯಾರಕರು ಇರಿಸಿದ್ದ ತುರ್ತು ಬ್ರೇಕಿನ ವ್ಯವಸ್ಥೆಯನ್ನು ಸ್ವಯಂಚಾಲನೆಯ ಹೊತ್ತಿನಲ್ಲಿ ನಿಷ್ಕ್ರಿಯಗೊಳಿಸಿದ್ದು ಆ ವ್ಯಕ್ತಿಯಲ್ಲ. 2019ರ ಮಾರ್ಚ್‌ನಲ್ಲಿ ಅಲ್ಲಿನ ಸರಕಾರಿ ವಕೀಲರು ಸಂಸ್ಥೆಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದರು. 2023ರ ಜುಲೈನಲ್ಲಿ ಕಾರಿನೊಳಗೆ ಕುಳಿತಿದ್ದ ವ್ಯಕ್ತಿಯು ತಪ್ಪೊಪ್ಪಿಕೊಂಡು ಮೂರು ವರ್ಷಗಳ ಮೇಲ್ವಿಚಾರಣೆಯ ಶಿಕ್ಷೆಯನ್ನು ಪಡೆದರು. ಈ ಪ್ರಕರಣದಲ್ಲಿ ಬೇರೆ ಯಾರಿಗೂ ಶಿಕ್ಷೆಯಾಗಲಿಲ್ಲ.